ಹುಟ್ಟುಗೂದಲು

ಮೊಮ್ಮಗಳು ಹುಟ್ಟಿದ ಏಳನೆಯ ದಿನ ತಲೆಗೂದಲು ತೆಗೆಸುವ ಶಾಸ್ತ್ರಕ್ಕೆ ಮುಂಡರಗಿಯ ಬೀಗರ ಮನೆಗೆ ಹೋಗಿದ್ದೆ. ಬೀಗಿತ್ತಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಹಜಾಮ ನೀರು ಹಚ್ಚಿ ಕತ್ತಿ ಆಡಿಸಿದಂತೆ ಕೂದಲು ಬಿಳಿ ಬಟ್ಟೆಯ ಮೇಲೆ ಬಿತ್ತು. ಒದ್ದೆಯಾದರೂ ಸುರುಳಿ ಬಿಟ್ಟಿರಲಿಲ್ಲ. ನನ್ನವೇ ಕೂದಲು.

“ಹುಟ್ಟುಗೂದಲಾ ಒಮ್ಮಿ ತೆಗದ್ರ ಆತು, ಮುಂದ ನೆಟ್ಟಗಿನ್ವ ಬರ್ತಾವು,” ಎಂದರು ಬೀಗಿತ್ತಿ, ನನ್ನ ಕಡೆ ನೋಡದೆ.

ಪಕ್ಕದ ಮನೆಯಾಕೆ ಬಗ್ಗಿ ನೋಡಿ ನನ್ನ ಮಗಳನ್ನು ಕೇಳಿದಳು: “ಏನವಾ, ನೀನೂ ಕೆಂಪನಾಕಿ, ನಿನ್ನ ಗಂಡನೂ ಕೆಂಪನಾಂವ. ಈ ಕೂಸು ಯಾರನ್ನ ಹೋಲತೈತಿ?”

‘ನಮ್ಮಮ್ಮಿನ್ನ’ ಎಂದು ಮಗಳು ಒಂದು ಮಾತು ಅಂದಿದ್ದರೆ ನನಗೆ ಸಾಕಾಗಿತ್ತು.

“ಇನ್ನೂ ಸಣ್ಣದೈತ್ರಿ, ತಿಳಿಯಂಗಿಲ್ಲ,” ಅಂದಳು.

ನನ್ನ ತಾಯಿ ಯಲ್ಲಾಪುರದ ಕಾಡಿನ ಕಡೆಯ ಸಿದ್ದಿ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನರ ಪೈಕಿ. ತಂದೆ ಬೆಟಗೇರಿಯ ನೇಕಾರ. ನಾನು ಬಣ್ಣದಲ್ಲೂ ಕೂದಲಲ್ಲೂ ತಾಯಿಯಂತಾದೆ. ಬೆಟಗೇರಿಯ ಓಣಿಯ ಹುಡುಗರು ನನ್ನನ್ನು ‘ಆಫ್ರಿಕಾ’ ಎಂದೇ ಕರೆಯುತ್ತಿದ್ದರು. ರಜೆಗೆ ತಾಯಿಯ ಊರಿಗೆ ಹೋದರೆ, ಅವರ ಡಮಾಮಿ ಡೋಲಿನ ಬಡಿತಕ್ಕೆ ಹೆಜ್ಜೆ ಹಾಕಲು ಬಾರದ ನನ್ನನ್ನು ಕಂಡು ಅಲ್ಲಿಯ ಹುಡುಗಿಯರು, “ಮುಖ ಮಾತ್ರ ಸಿದ್ದಿದು, ಕಾಲು ಗದಗದ್ದು,” ಎಂದು ನಗುತ್ತಿದ್ದರು. ಅಲ್ಲಿಗೂ ಪೂರ್ತಿ ಸಲ್ಲಲಿಲ್ಲ, ಇಲ್ಲಿಗೂ ಇಲ್ಲ.

ಈಗಲೂ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡುತ್ತಾನೆ. “ಲಕ್ಷ್ಮೇಶ್ವರಕ್ಕ ಒಂದ ಕೊಡಪಾ,” ಎಂದರೆ ಕಣ್ಣರಳಿಸುತ್ತಾನೆ.

“ಅಯ್ಯ, ಕನ್ನಡ ಭಾಳ ಛಲೋ ಕಲತೀರಲ್ರಿ! ಯಾವ ದೇಶರೀ ನಿಮ್ದು?”

“ಬೆಟಗೇರಿ ದೇಶ.”

ಬಸ್ಸೆಲ್ಲ ನಗುತ್ತದೆ, ನಾನೂ ನಗುತ್ತೇನೆ. ಇಳಿದು ಮನೆಯ ತನಕ ಒಬ್ಬಳೇ ನಡೆಯುವಾಗ ಆ ನಗು ಜೊತೆಗೆ ಬರುವುದಿಲ್ಲ.

ಮಗಳು ಅವರಪ್ಪನಂತೆ ಹುಟ್ಟಿದಳು. ಗೋದಿ ಬಣ್ಣ, ಬೆನ್ನ ಮೇಲೆ ನೇರ ಇಳಿಯುವ ಕೂದಲು. ಹೇಳಿದರಷ್ಟೇ ಅವಳು ಸಿದ್ದಿ, ಅವಳು ಹೇಳಲಿಲ್ಲ. ಹೆಣ್ಣು ನೋಡಲು ಬಂದ ದಿನ ನನ್ನ ಸೆರಗು ತಲೆಯಿಂದ ಸರಿಯದಂತೆ ಕಿವಿಯ ಮೇಲೆ ಪಿನ್ನು ಚುಚ್ಚಿದವಳು ಅವಳೇ. “ಅಮ್ಮಿ ಬಿಸಲಾಗ ದುಡದು ದುಡದು ಕಪ್ಪಾಗ್ಯಾಳ್ರಿ,” ಎಂದು ಬೀಗರಿಗೆ ಹೇಳಿದಳು. ನಾನು ಚಹಾ ಕೊಟ್ಟೆ. ನಾನು ಓಣಿಯಲ್ಲಿ ಕಂಡಂಥ ದಿನಗಳು ಅವಳಿಗೆ ಬೇಡವಾಗಿದ್ದವು. ಅದನ್ನು ತಪ್ಪೆನ್ನಲು ನನ್ನಿಂದ ಆಗಲಿಲ್ಲ. ಒಳ್ಳೆಯ ಮನೆ ಸಿಕ್ಕಿತು, ಗಂಡ ಮೃದು ಮಾತಿನವನು. ಅಲ್ಲಾಹನ ದಯೆ, ಅದನ್ನು ಮರೆಯಬಾರದು.

ಆವತ್ತು ಕೂದಲನ್ನು ತೂಗಿ, ಅಷ್ಟೇ ತೂಕದ ಬೆಳ್ಳಿಯನ್ನು ದಾನಕ್ಕೆ ತೆಗೆದಿಟ್ಟರು. ಕೂದಲನ್ನು ಹುಗಿದು ಬರಲು ನನ್ನ ಕೈಗೆ ಕೊಟ್ಟರು. ಹಿತ್ತಲಿನ ಕರಿಬೇವಿನ ಬುಡವನ್ನು ಕೆದರಿ ಇಟ್ಟು ಮಣ್ಣು ಎಳೆದೆ. ಒಳಗೆ ಎಲ್ಲರೂ ಊಟಕ್ಕೆ ಕೂರುವ ಗದ್ದಲ. ‘ಯಾ ಅಲ್ಲಾ, ಇವಳಿಗೆ ನೆಟ್ಟಗಿನವು ಕೊಡು’ ಎಂದು ಬೇಡಲು ಬಾಯಿ ತೆರೆದೆ. ಬೇಡಲಿಲ್ಲ. ಕೊಟ್ಟವನಿಗೇ ತಿದ್ದು ಎನ್ನುವುದು ಹೇಗೆ?

ಕೂದಲು ಮೊದಲಿಗಿಂತ ದಟ್ಟ ಸುರುಳಿಯಾಗಿ ಬಂದವು.

ಕೂಸಿಗೆ ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಮಗಳು ಕೂಸನ್ನೆತ್ತಿಕೊಂಡು ಶಿರಹಟ್ಟಿ ಮೇಲಿನ ಬಸ್ಸಿಗೆ ಲಕ್ಷ್ಮೇಶ್ವರದ ನನ್ನ ಮನೆಗೆ ಒಬ್ಬಳೇ ಬಂದಳು. ಕೂಸಿನ ತಲೆಗೆ ಕುಲಾಯಿ. ತೆಗೆದರೆ ಕೂದಲು ಜಡೆಗಟ್ಟಿ ಉಂಡೆಯಾಗಿತ್ತು.

“ಅತ್ತಿ ಹೇನಿನ ಹಣಿಗಿ ಹಾಕಿ ಜಗ್ತಾರ, ಅಮ್ಮಿ. ಕೂಸು ಹೌಹಾರಿ ಅಳತೈತಿ. ಇದನ್ನ ಹೆಂಗ ಬಾಚೂದು?”

ಅವಳಿಗೆ ಕಲಿಸುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಕೂಸನ್ನು ಮೊಣಕಾಲ ನಡುವೆ ಕೂರಿಸಿಕೊಂಡೆ. ನೀರು ಚಿಮುಕಿಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ಅಗಲ ಹಲ್ಲಿನ ನನ್ನ ಮರದ ಹಣಿಗೆ ಹಿಡಿದು ಕೂದಲಿನ ತುದಿಯಿಂದ ಬಿಡಿಸುತ್ತ ಬಂದೆ, ಬುಡದಿಂದ ಅಲ್ಲ. ಕೂಸು ಅಳಲಿಲ್ಲ, ಬಿಸ್ಕೀಟು ಚೀಪುತ್ತ ಕೂತಿತು.

“ನಿನಗ್ಯಾರು ಕಲಿಸಿದ್ರು?”

“ನಮ್ಮವ್ವ. ಸಿದ್ದೇರ ಮನ್ಯಾಗ ಎಲ್ಲಾರಿಗೂ ಬರ್ತೈತಿ ಇದು.”

ಆ ಶಬ್ದವನ್ನು ಅವಳೆದುರು ಎಷ್ಟೋ ವರ್ಷದ ಮೇಲೆ ಆಡಿದ್ದೆ. ಅವಳು ಸಿಟ್ಟಾಗಲಿಲ್ಲ. ಹಣಿಗೆ ಇಸಿದುಕೊಂಡು, “ಸರಿ, ನಾ ನೋಡ್ತೇನಿ,” ಎಂದು ಉಳಿದ ಅರ್ಧ ತಲೆಯನ್ನು ತಾನೇ ಬಾಚಿದಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದು ನಿಂತಾಗ ಕೂಸಿಗೆ ಮತ್ತೆ ಕುಲಾಯಿ ಹಾಕಿದಳು, ಕಿವಿ ಮುಚ್ಚುವಂತೆ. ಕಿಟಕಿಯಿಂದ ಕೈ ಬೀಸಿದಳು.

ಮನೆಗೆ ಬಂದು ಮಗ್ರಿಬ್ ನಮಾಜು ಮುಗಿಸಿ ಹಣಿಗೆ ಹುಡುಕಿದೆ. ಗೂಟದ ಮೇಲೆ ಇರಲಿಲ್ಲ, ಕಿಟಕಿಯಲ್ಲೂ ಇರಲಿಲ್ಲ. ಕೇಳದೆಯೇ ಒಯ್ದಿದ್ದಳು. ಅಲ್ಲಾಹನಿಗೆ ಶುಕುರ್ ಎಂದೆ. ಪೂರ್ತಿ ಕತ್ತಲಾಗುವ ಮೊದಲು ಬಾಗಿಲಲ್ಲಿ ಕೂತು ಬೆರಳಿನಿಂದಲೇ ತಲೆ ಬಾಚಿಕೊಂಡೆ.