ಗುವಾ ಮುಸಾಂಗ್‌ನಿಂದ ತಂದ ಹಂದಿಯ ತೊಡೆ

೨೦೨೧ರಲ್ಲಿ ನಾನು ಮಲೇಷ್ಯಾದ ಪುಚೊಂಗ್‌ನ ಒಂದು ಶೀತಲ ಸಾಗಣೆ ಕಂಪನಿಯಲ್ಲಿ ಆಪರೇಷನ್ಸ್ ಮ್ಯಾನೇಜರ್ ಆಗಿದ್ದೆ. ಮೀನಾಗಲಿ, ಐಸ್‌ಕ್ರೀಮ್ ಆಗಲಿ, ಹೊರಟಲ್ಲಿಂದ ತಲುಪುವ ತನಕ ಅದರ ತಂಪು ಎಲ್ಲೂ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಕೋಲ್ಡ್ ಚೈನ್ ಎನ್ನುತ್ತಾರೆ. ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿದ ನನಗೆ ಐಸಿನ ಸಹವಾಸ ಹೊಸದಲ್ಲ. ಕೈಕೆಳಗೆ ನಲವತ್ತು ಲಾರಿಗಳಿದ್ದವು. ಆದರೂ ನಿವೃತ್ತನಾದ ಮೇಲೆ ನನಗೆ ಪದೇಪದೇ ನೆನಪಾಗುವುದು ಸ್ವಂತ ಕಾರಿನ ಡಿಕ್ಕಿಯಲ್ಲಿ ತಂದ ಒಂದು ಕಾಡುಹಂದಿಯ ತೊಡೆ.

ಅದು ಬೋಪಯ್ಯನಿಗಾಗಿ ತಂದದ್ದು. ಕೊಡಗಿನವನು, ಇಲ್ಲಿನ ಕಾಲೇಜೊಂದರಲ್ಲಿ ಲೆಕ್ಚರರ್, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎದುರು ಮನೆ. ಆ ವರ್ಷದ ಮೇ ತಿಂಗಳಲ್ಲಿ ಅವನ ಅಣ್ಣ ಪೂವಯ್ಯ ಊರಿನಲ್ಲಿ ಕೋವಿಡ್‌ನಿಂದ ತೀರಿಕೊಂಡ. ವಿಮಾನವಿಲ್ಲ, ಗಡಿ ಮುಚ್ಚಿದೆ. ಅಣ್ಣನ ಮುಖವನ್ನು ಬೋಪಯ್ಯ ಕೊನೆಗೆ ನೋಡಿದ್ದು ಫೋನಿನಲ್ಲಿ. ಕೊಡವರ ಮನೆಗಳಲ್ಲಿ ಸಾವಿನ ನಂತರ ಮಾದ ಎಂಬ ಕರ್ಮ ಮುಗಿಯುವ ತನಕ ಮಾಂಸ ಮುಟ್ಟುವುದಿಲ್ಲವಂತೆ. ಊರಿನಲ್ಲಿ ಮಾದ ಮುಗಿದು ತಿಂಗಳುಗಳಾದರೂ ಇವನು ಮಾತ್ರ ಮುಟ್ಟಲಿಲ್ಲ. ಚಿಕ್ಕಂದಿನಲ್ಲಿ ಅಣ್ಣನ ಬೆನ್ನಿಗೇ ಬೇಟೆಗೆ ಹೋದವನು. ಬೇಟೆಯ ಮಾಂಸದಲ್ಲಿ ಅಣ್ಣನಿಗೊಂದು ಪಾಲಿಟ್ಟ ಮೇಲೇ ತಾನು ತಿನ್ನುವುದು ಎಂದು ಕುಳಿತಿದ್ದ. ಅವನ ಹೆಂಡತಿ ಮುತ್ತಮ್ಮ ಹೇಳಿ ಹೇಳಿ ಸೋತಿದ್ದಳು.

ಅಕ್ಟೋಬರ್‌ನಲ್ಲಿ, ಲಸಿಕೆ ಪೂರ್ತಿಯಾದವರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದು ಎಂದಾಯಿತು. ಬೋಪಯ್ಯನ ಸಹೋದ್ಯೋಗಿ ಲಿಮ್ ಬೇಟೆಯ ಲೈಸೆನ್ಸ್ ಇದ್ದವನು. ನಾಲ್ಕೈದು ತಾಸು ದೂರದ ಗುವಾ ಮುಸಾಂಗ್ ಬಳಿಯ ತಾಳೆ ಎಸ್ಟೇಟಿನವರು ಹಂದಿಗಳ ಕಾಟ ತಡೆಯಲಾರದೆ ಅವನನ್ನು ಕರೆದಿದ್ದರು. ಬೋಪಯ್ಯ ನನ್ನ ಬಾಗಿಲಿಗೆ ಬಂದು ನಿಂತ. "ಹೊಡೆಯೋದು ಲಿಮ್ ನೋಡ್ಕೋತಾನೆ. ಕೆಡದ ಹಾಗೆ ಮನೆಗೆ ತರೋದು ನಿನ್ನ ಜವಾಬ್ದಾರಿ" ಎಂದ.

ನಲವತ್ತು ಲಾರಿಗಳನ್ನು ನಡೆಸುವವನಿಗೆ ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಲಾರಿಗಳೆಲ್ಲ ಹಲಾಲ್ ಪ್ರಮಾಣಪತ್ರ ಪಡೆದವು. ಹಂದಿಮಾಂಸದ ಒಂದು ತುಣುಕು ಸೋಕಿದರೂ ಆ ಲಾರಿಯನ್ನು ವಿಧಿಪೂರ್ವಕ ತೊಳೆದು ಶುದ್ಧ ಮಾಡಬೇಕು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದರೆ ಇದೇ. ನನ್ನ ಕಾರು, ಎರಡು ಮೀನಿನ ಪೆಟ್ಟಿಗೆ, ಒಂದು ಥರ್ಮಾಮೀಟರ್ ಇಷ್ಟನ್ನೇ ನಂಬಿ ಹೊರಟೆವು.

ಮರುದಿನ ಬೆಳಿಗ್ಗೆಯೇ ಲಿಮ್ ಒಂದು ದೊಡ್ಡ ಗಂಡು ಹಂದಿಯನ್ನು ಉರುಳಿಸಿದ. ಬಿಸಿಲೇರುವ ಮೊದಲು ಮಾಂಸ ಬಿಡಿಸಿ, ನೆರಳಿನಲ್ಲಿ ಗಾಳಿಗೆ ತೂಗುಹಾಕಿ, ಮೈಬಿಸಿ ಇಳಿದ ಮೇಲೆ ಪೆಟ್ಟಿಗೆಗೆ ಹಾಕಬೇಕು. ತೊಡೆಯ ಮೂಳೆಯ ಬುಡದಲ್ಲಿ ಬಿಸಿ ಉಳಿದರೆ ಮಾಂಸ ಒಳಗಿನಿಂದಲೇ ಹುಳಿಯುತ್ತದೆ, ಹೊರಗೆ ಗೊತ್ತೂ ಆಗುವುದಿಲ್ಲ. ನಾನು ಅವಸರ ಮಾಡಿದೆ. ಬೋಪಯ್ಯ ಜಗ್ಗಲಿಲ್ಲ. ಬೇಟೆ ಬಿದ್ದ ಜಾಗಕ್ಕೆ ಬಂದು ನಿಂತವರಿಗೆಲ್ಲ ಪಾಲು ಕೊಟ್ಟ ಮೇಲೇ ಮಾಂಸ ಹೊರಡಬೇಕು, ಅದು ಕೊಡವರ ಪದ್ಧತಿ. ದಾರಿ ತೋರಿಸಿದ ಕಾಡಿನವರು, ಎಸ್ಟೇಟಿನ ನೇಪಾಳಿ ಕೆಲಸಗಾರರು, ಗುಂಡಿನ ಸದ್ದು ಕೇಳಿ ಬಂದವರು, ಹೀಗೆ ಜನ ಬರುತ್ತಲೇ ಇದ್ದರು, ಇವನು ಕೊಡುತ್ತಲೇ ಇದ್ದ. ನಾಯಿಗಳಿಗೂ ಪಾಲು ಸಂದಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಇವರಿಗೆಲ್ಲ ಹಂಚಿ ಮನೆಗೆ ಏನು ಒಯ್ತೀಯ?" ಎಂದು ರೇಗಿದೆ.

"ಅಣ್ಣ ಇದ್ದಿದ್ರೆ ಹೀಗೇ ಹಂಚ್ತಿದ್ದ" ಎಂದನೇ ಹೊರತು ಕೈ ನಿಲ್ಲಿಸಲಿಲ್ಲ.

ಕೊನೆಗೆ ಉಳಿದದ್ದು ಒಂದು ಹಿಂಗಾಲಿನ ತೊಡೆ. ತೂಗುಹಾಕಲು ಹೊತ್ತಿರಲಿಲ್ಲ. ಪೆಟ್ಟಿಗೆಯ ತಳಕ್ಕೆ ಐಸ್, ಅದರ ಮೇಲೆ ಮರದ ಪಟ್ಟಿಗಳು, ಕರಗಿದ ನೀರು ತಾಗದಂತೆ ಪಟ್ಟಿಗಳ ಮೇಲೆ ತೊಡೆಯನ್ನಿಟ್ಟೆ. ಮೂಳೆಯ ಬುಡ ಆಗಲೂ ಬೆಚ್ಚಗೇ ಇತ್ತು.

ಬೆಂಟೋಂಗ್ ಪಟ್ಟಣ ದಾಟಿ ಹೆದ್ದಾರಿಗೆ ಬಂದಾಗ ಕಾರುಗಳ ಸಾಲು ನಿಂತುಬಿಟ್ಟಿತ್ತು. ತಿಂಗಳುಗಟ್ಟಲೆ ಮನೆಯವರ ಮುಖ ಕಾಣದಿದ್ದ ಇಡೀ ದೇಶ ಊರಿಗೆ ಹೋಗಿ ಆ ಭಾನುವಾರ ಮಧ್ಯಾಹ್ನವೇ ಮರಳುತ್ತಿತ್ತು. ಪೆಟ್ಟಿಗೆ ತೆರೆದರೆ ಐಸ್ ಬಹುಪಾಲು ನೀರಾಗಿತ್ತು. ಮೂಳೆಯ ಬುಡ ಹದಿನಾರು ಡಿಗ್ರಿ. ಅದು ನಾಲ್ಕಕ್ಕೆ ಇಳಿಯಬೇಕಿತ್ತು. ಇಳಿಯುವುದು ನಿಂತು ಏರಲು ಶುರುವಾಗಿತ್ತು. ಬೋಪಯ್ಯ ನನ್ನ ಮುಖ ನೋಡುತ್ತಾ ಕುಳಿತ. ಇಷ್ಟು ದಿನ ಕಾದವನಿಗೆ ಕೆಟ್ಟ ಮಾಂಸ ಕೊಡುವುದು ಹೇಗೆ?

ಲಾರಿ ಎಲ್ಲೇ ಕೆಟ್ಟರೂ ನಾನು ಮೊದಲು ಫೋನ್ ಮಾಡುತ್ತಿದ್ದದ್ದು ನಮ್ಮ ಫ್ಲೀಟ್ ಸೂಪರ್‌ವೈಸರ್ ಹಮೀದನಿಗೆ. ಅಂದೂ ಅಭ್ಯಾಸಬಲದಿಂದ ಮಾಡಿಬಿಟ್ಟೆ. ಬೆಂಟೋಂಗ್ ಅವನ ಊರು, ತಾಯಿಯನ್ನು ನೋಡಲು ಬಂದಿದ್ದ. ಐಸ್ ತಂದುಕೊಡಲು ಕೇಳಿದೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ಮುಚ್ಚಿಡದೆ ಹೇಳಿ, ಮನಸ್ಸಿಗೆ ಒಪ್ಪದಿದ್ದರೆ ಬೇಡ ಎಂದೂ ಹೇಳಿದೆ.

"ಮಾಂಸ ನಾನು ಮುಟ್ಟಲ್ಲ ಬಾಸ್. ಐಸ್ ಮುಟ್ಟೋಕೆ ಏನು ಲಾ" ಎಂದ, ಇಲ್ಲಿಯವರು ಮಾತಿಗೆ ಸೇರಿಸುವ 'ಲಾ' ಸಮೇತ.

ನಿಂತ ಕಾರುಗಳ ಪಕ್ಕದಲ್ಲೇ ಬೈಕ್ ನುಗ್ಗಿಸಿಕೊಂಡು ಬಂದ. ಐಸ್ ಚೀಲಗಳನ್ನು ರಸ್ತೆಯ ಅಂಚಿನಲ್ಲಿ ಇಳಿಸಿ ನಾಲ್ಕು ಹೆಜ್ಜೆ ದೂರ ನಿಂತ. ನಾವು ತುಂಬಿಸುವಾಗ ಅಲ್ಲಿಂದಲೇ ಪೆಟ್ಟಿಗೆಯ ನೀರು ಮೊದಲು ಬಸಿಯಿರಿ ಎಂದು ಸೂಚನೆ ಕೊಡುತ್ತಿದ್ದ. ಬೋಪಯ್ಯ ಕೈಮುಗಿದಾಗ ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಬೈಕ್ ತಿರುಗಿಸಿಕೊಂಡು ಹೋದ.

ಪುಚೊಂಗ್ ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಮೂಳೆಯ ಬುಡ ಐದು ಡಿಗ್ರಿ. ಚಾಕು ಚುಚ್ಚಿ ತೆಗೆದು ಮೂಸಿದೆ. ಹುಳಿ ವಾಸನೆ ಇರಲಿಲ್ಲ. ಗಡಿ ಮುಚ್ಚುವ ಮೊದಲು ಪೂವಯ್ಯ ಕಳಿಸಿದ್ದ ಕೊನೆಯ ಪಾರ್ಸೆಲ್‌ನಲ್ಲಿ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಹಂದಿಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ಇನ್ನೊಂದರಲ್ಲಿ ಜೇನು. ಮುತ್ತಮ್ಮ ಕಾಚಂಪುಳಿಯನ್ನು ಕೊನೆಯ ಹನಿಯವರೆಗೂ ಬಗ್ಗಿಸಿದಳು. ಬೋಪಯ್ಯ ಬಾಳೆಲೆಯ ತುಂಡಿನಲ್ಲಿ ಅಣ್ಣನ ಪಾಲು ಇಟ್ಟ. ಆಮೇಲೆ ತಾನು ಒಂದು ತುತ್ತು ಬಾಯಿಗಿಟ್ಟು ಅಗಿಯದೆ ಕುಳಿತ. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಸೋಮವಾರ ಅವನು ನಮ್ಮ ಡಿಪೋಗೆ ಬಂದ. ಕೈಯಲ್ಲಿ ಜೇನಿನ ಬಾಟಲಿ ಇತ್ತು. ತೆರೆದರೆ ಮುಗಿದುಹೋಗುತ್ತದೆಂದು ಒಂದೂವರೆ ವರ್ಷ ಮುಚ್ಚಳ ಮುಟ್ಟದೆ ಇಟ್ಟಿದ್ದನ್ನು ಹಮೀದನ ಕೈಗಿತ್ತ.

"ಬೇಟೆಗೆ ಬಂದವರಿಗೆಲ್ಲ ಪಾಲುಂಟು. ನಿನ್ನ ಪಾಲು ಬಾಕಿ ಇತ್ತು" ಎಂದ. "ಅಮ್ಮನಿಗೆ ಕೊಡು. ನಮ್ಮಣ್ಣ ಕಳಿಸಿದ್ದು."

ಐಸ್ ಏನನ್ನೂ ಉಳಿಸುವುದಿಲ್ಲ, ಸ್ವಲ್ಪ ಹೊತ್ತು ಕೊಡುತ್ತದೆ, ಅಷ್ಟೇ. ಸಿಕ್ಕ ಹೊತ್ತಿನಲ್ಲಿ ಪಾಲು ಸಲ್ಲಬೇಕಾದವರಿಗೆ ತಲುಪಿಸಿಬಿಡಬೇಕು. ನನ್ನ ಕೆಲಸ ಕಲಿಸಿದ್ದು ಅದನ್ನೇ. ಅದಾದ ಮೇಲೆ ನಮ್ಮ ಮನೆಯ ಫ್ರಿಜ್‌ನಲ್ಲಿ ಯಾರಿಗಾದರೂ ಕೊಡಬೇಕಾದ್ದನ್ನು ನಾಳೆ ಕೊಟ್ಟರಾಯಿತೆಂದು ಎತ್ತಿಟ್ಟಿಲ್ಲ.