ಬಲಗಡೆಯ ಕಿಸೆ

ಅಂಗಿಯ ಕಿಸೆ ಎಡಗಡೆಯೇ ಏಕಿರಬೇಕು ಎಂಬ ಗಹನ ಪ್ರಶ್ನೆ ನಿಮ್ಮನ್ನು ಎಂದೂ ಕಾಡಿರಲಿಕ್ಕಿಲ್ಲ. ಗೋಗಿಯ ನಮ್ಮ ಶರಣಪ್ಪ ಕಾಕಾನ ಎಡ ಎದೆಯ ಚರ್ಮದಡಿ ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಪೇಸ್‌ಮೇಕರ್ ಬಂದು ಬಿಡಾರ ಹೂಡುವ ತನಕ ನನ್ನನ್ನೂ ಕಾಡಿರಲಿಲ್ಲ. ಅದರ ಮೇಲೆ ಮೊಬೈಲ್ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಅಂದದ್ದೇ ತಡ, ಕಾಕಾನ ಸಮಸ್ತ ಅಂಗಿಗಳ ಕಿಸೆಗಳಿಗೂ ಟೇಲರನ ಕೈಯಿಂದ ಬಲಕ್ಕೆ ವರ್ಗಾವಣೆಯಾಯಿತು. ಫೋನ್ ರಿಂಗಾದರೆ ಅವನ ಕೈ ಮಾತ್ರ ಹಳೇ ರೂಢಿಯಂತೆ ಎಡಕ್ಕೇ ಹೋಗುತ್ತಿತ್ತು.

ಡಾಕ್ಟರು ಹೇಳಿದ್ದು ಅಷ್ಟೇ. ಉಳಿದ ವೈದ್ಯಶಾಸ್ತ್ರವನ್ನು ನಮ್ಮ ಮನೆಮಂದಿಯೇ ರಚಿಸಿದರು. ಬಂದವರ ಮೊಬೈಲುಗಳು ಬಾಗಿಲಲ್ಲೇ ಜೋಳದ ಡಬ್ಬಿಯೊಳಗೆ ಬಂದಿಯಾದವು. ಕಾಕಾನ ಹೆಂಡತಿ ಕಾಕು ಮಿಕ್ಸರನ್ನು ಅಟ್ಟಕ್ಕೇರಿಸಿ ಒರಳಲ್ಲಿ ಶೇಂಗಾ ಚಟ್ನಿ ಕುಟ್ಟತೊಡಗಿದಳು. ದಸರೆಯಲ್ಲಿ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎಂದು ಎದೆಗೆ ಎದೆ ಹಚ್ಚಬೇಕಾದ ಗೆಳೆಯರು, ತೋಳಳತೆಯ ದೂರದಿಂದಲೇ ಎಲೆಯನ್ನು ಕಾಕಾನ ಅಂಗೈಗೆ ಉದುರಿಸಿ ಹಿಂದೆ ಸರಿದರು. ತೆರೆದ ತೋಳುಗಳನ್ನು ಕಾಕಾ ಮೆಲ್ಲಗೆ ಇಳಿಸಿಕೊಂಡ. ಶಹಾಪುರದ ಗಂಜ್ ಮಾರುಕಟ್ಟೆಯಲ್ಲಿದ್ದ ತನ್ನ ಕಾಳಿನ ಅಂಗಡಿಗೂ ಹೋಗದಾದ.

ಇನ್ನು ನನ್ನ ಭಕ್ತಿ. ನಾನು ಊರ ಮಂದಿಯ ನಡೆನುಡಿಗಳನ್ನು ಕದ್ದು ಅವರೆದುರೇ ಪ್ರದರ್ಶಿಸುವ ನಿರ್ಲಜ್ಜ. ಮಾತಿಗೆ ಮೊದಲು ಮೂರು ಸಲ ಖಕ್ ಎನ್ನುವ ಕಾಕಾ ನನ್ನ ಕಲೆಯ ಮೂಲ ಬಂಡವಾಳ. ಆದರೆ ಹೃದಯರೋಗಿಯ ಅಣಕ ಮಹಾಪಾಪವೆಂದು ಬಗೆದು, ಒಂದು ದಿನ ಅವನೆದುರು ಕೈಕಟ್ಟಿ ನಿಂತು, "ಹೆಂಗಿದ್ದೀರಿ ಕಾಕಾ, ಆರಾಮ ಇದ್ದೀರಿ?" ಎಂದೆ.

ಕಾಕಾ ನನ್ನನ್ನೇ ದಿಟ್ಟಿಸಿದ. "ಖಕ್, ಖಕ್, ಖಕ್. ನನಗ 'ರಿ' ಹಚ್ಚಾಕತ್ತೀಯೇನಲೇ? ನಾ ಏನ್ ಮಾಲಿ ಹಾಕಿದ ಫೋಟೋದಾಗ ಕುಂತೀನೇನು?"

ನಾನು ಕಟ್ಟಿದ ಕೈ ಬಿಚ್ಚಿದೆ.

"ಡಾಕ್ಟರ್ ಎಲ್ಲಾ ಮಾಡು ಅಂದಾರ, ನೀವು ಒಂದೂ ಮಾಡಗೊಡವಲ್ರಿ. ಎದಿ ಬಡಿಯೋದು ಮಶೀನ್ ನೋಡ್ಕೋತದ. ನಗಸಾಕ ಮತ್ತೊಂದು ಮಶೀನ್ ಹಾಕಿಸ್ಲೇನು? ನನ್ನಂಗ ಮಾತಾಡಿ ಎಷ್ಟ್ ದಿನ ಆತು ನೀ?"

ಮಾತು ಎದೆಗೇ ತಾಗಿತು, ಅದೂ ಯಂತ್ರವಿಲ್ಲದ ಎದೆಗೆ. ಗೂಟದಲ್ಲಿದ್ದ ಅವನ ಅಂಗಿ ತೊಟ್ಟೆ. ಫೋನ್ ರಿಂಗಾದಂತೆ ಬಾಯಲ್ಲೇ ಸದ್ದು ಮಾಡಿ, ಎಡ ಎದೆ ತಡವಿ, ಟೊಂಕ ತಡವಿ, "ಖಕ್, ಖಕ್, ಖಕ್, ಏ ಇವಳ, ನನ್ನ ಫೋನ್ ಯಾರೋ ಕದ್ರು" ಎಂದು ಬಲಗಡೆ ರಿಂಗಾಗುತ್ತಿದ್ದ ಕಿಸೆಯೊಂದಿಗೆ ಮನೆಯೆಲ್ಲ ತಿರುಗಿದೆ. ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಕಾಕು ಓಡಿಬಂದಳು. "ಸಾಕ್ ಮಾಡೋ ಮಂಗ್ಯಾ, ಅವರ ಎದಿಗೆ ಏನರ ಆದೀತು."

"ಆಗ್ಲಿ ಬಿಡು," ಎಂದ ಕಾಕಾ, "ನಾ ನಗೋ ಮನಷಾ ಅಂತ ಅದಕ್ಕೂ ತಿಳೀಲಿ."

ಮರುದಿನ ಶಹಾಪುರದ ಶೇರ್ ಆಟೋದಲ್ಲಿ, ಎಡಕ್ಕೊಬ್ಬ ಬಲಕ್ಕೊಬ್ಬ ಒತ್ತಿಕೊಂಡು ಕೂತವರ ನಡುವೆ, ಕಾಕಾ ಪರಮಸುಖಿಯಾಗಿ ಅಂಗಡಿಗೆ ಹೊರಟ.

ಆ ಅಂಗಿಯನ್ನು ನಾನು ಮರಳಿಸಲಿಲ್ಲ. ನನಗೆ ಹೊಸದೊಂದು ಹೊಲಿಸುವಾಗ ಅದನ್ನೇ ಅಳತೆಗೆಂದು ಕೊಟ್ಟೆ. ನಮ್ಮ ಟೇಲರ್ ಸ್ವಂತ ಬುದ್ಧಿ ಓಡಿಸುವವನಲ್ಲ, ಕಿಸೆಯನ್ನೂ ಬಲಕ್ಕೇ ಹಚ್ಚಿದ. ನಿನ್ನೆ ಗಂಜಿನಲ್ಲಿ ನನ್ನ ಫೋನ್ ರಿಂಗಾಯಿತು. ಕೈ ಎಡಕ್ಕೆ ಹೋಯಿತು, ಟೊಂಕಕ್ಕೆ ಹೋಯಿತು. ಹಮಾಲರು ಗೊಳ್ಳೆಂದರು. ತಲೆಯೆತ್ತಿದರೆ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ. ಅಂಗಡಿಯ ಕಟ್ಟೆಯ ಮೇಲೆ ನಿಂತು, ಎಡ ಎದೆ ತಡವಿ, ಟೊಂಕ ತಡವಿ, ನನ್ನ ಪೆಚ್ಚುಮೋರೆಯನ್ನು ನನಗಿಂತ ಚೆಂದವಾಗಿ ಮಾಡಿ ತೋರಿಸುತ್ತಿದ್ದ ಕಾಕಾನನ್ನು.