ಅವಳ ಉಗುರಿನ ಮೇಲಿನ ಉಣುಗು

ನೋವು ಮೊದಲು ಬಂದದ್ದು ಕಣ್ಣಿನ ಹಿಂದೆ. ಸ್ಟೀರಿಂಗ್ ಹಿಡಿದಿದ್ದೆ. ಲಾರಿಯ ತುಂಬ ಮುಂದಿನ ಪೋಸ್ಟಿಗೆ ಮುಟ್ಟಿಸಬೇಕಾದ ರೇಷನ್ನು. ಗಡಿಯ ಆಚೆಯಿಂದ ಶೆಲ್ ಬೀಳುತ್ತಿದ್ದ ದಿನಗಳು ಅವು. ರಜೆಯಲ್ಲಿದ್ದ ನಮ್ಮನ್ನೆಲ್ಲ ಅರ್ಧಕ್ಕೇ ವಾಪಸ್ ಕರೆಸಿಕೊಂಡಿದ್ದರು. ನಾನು ಹೊಸನಗರದಿಂದ ಹೊರಟು ಬಂದು ವಾರವಾಗಿತ್ತೋ ಇಲ್ಲವೋ.

ಸೊಂಟ, ಬೆನ್ನು, ಮೀನಖಂಡ ಎಲ್ಲವನ್ನೂ ಯಾರೋ ದೊಣ್ಣೆಯಲ್ಲಿ ಬಡಿದ ಹಾಗಿತ್ತು. ಪಕ್ಕದಲ್ಲಿದ್ದ ಹವಾಲ್ದಾರರು ನನ್ನ ಮುಖ ನೋಡಿ, ತಾನು ಓಡಿಸುತ್ತೇನೆ ಅಂದರು. ಬೇಡ ಅಂದೆ. ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟು, ಸಾಗರದ ಲಾರಿಗಳಲ್ಲಿ ಕ್ಲೀನರಾಗಿ, ಡ್ರೈವರಾಗಿ, ಆಮೇಲೆ ಸೈನ್ಯ ಸೇರಿದವನು ನಾನು. ನನ್ನ ಸ್ಟೀರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟು ಗೊತ್ತಿಲ್ಲ. ಲೋಡು ಇಳಿಸುವ ಜಾಗದ ತನಕ ಓಡಿಸಿದೆ. ಕೆಳಗಿಳಿದೆ. ಕಾಲು ನಿಲ್ಲಲಿಲ್ಲ.

ಕಣ್ಣು ಬಿಟ್ಟಾಗ ಆಸ್ಪತ್ರೆ.

ಅಕ್ಕಪಕ್ಕದ ಮಂಚಗಳಲ್ಲಿ ಇದ್ದವರೆಲ್ಲ ಗಾಯಾಳುಗಳು. ಒಬ್ಬನ ತೊಡೆಯಲ್ಲಿ ಶೆಲ್ಲಿನ ಚೂರು ಹೊಕ್ಕಿತ್ತು. ಇನ್ನೊಬ್ಬನಿಗೆ ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ. ಅವರ ನಡುವೆ ನಾನು ಜ್ವರ ಅಂತ ಮಲಗಿದ್ದೆ. ನಾಚಿಕೆಯಾಗುತ್ತಿತ್ತು. ವಸಡಿನಲ್ಲಿ ರಕ್ತ ಒಸರುತ್ತಿತ್ತು. ಡೆಂಗಿ ನೆಗೆಟಿವ್, ಮಲೇರಿಯಾ ನೆಗೆಟಿವ್. ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತಲೇ ಇತ್ತು.

ಡಾಕ್ಟರು ನನ್ನ ಫೈಲು ನೋಡುತ್ತ, ಊರಿನ ಹೆಸರಿನ ಮೇಲೆ ಬೆರಳಿಟ್ಟು ನಿಂತರು.

"ಶಿವಮೊಗ್ಗ ಜಿಲ್ಲೆಯವನಾ? ರಜೆಯಲ್ಲಿ ಕಾಡಿಗೆ ಹೋಗಿದ್ದೆಯಾ?" ಹಿಂದಿಯಲ್ಲಿ ಕೇಳಿದರು.

"ಹೋಗಿದ್ದೆ ಸರ್."

"ಕೆಎಫ್‌ಡಿ ಇರಬಹುದು. ರಕ್ತ ಲ್ಯಾಬಿಗೆ ಕಳಿಸುತ್ತೇನೆ."

ನಮ್ಮೂರಲ್ಲಿ ಅದಕ್ಕೆ ಮಂಗನ ಕಾಯಿಲೆ ಅನ್ನುತ್ತೇವೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಯ ಉಣುಗು, ರಕ್ತ ಹೀರುವ ಸಣ್ಣ ಹುಳ, ಮನುಷ್ಯರಿಗೆ ಕಚ್ಚುತ್ತದೆ. ಅದಕ್ಕೇ ಅಂತ ಔಷಧಿ ಇಲ್ಲ. ಜ್ವರಕ್ಕೆ ಮಾತ್ರೆ, ಕೈಗೆ ಡ್ರಿಪ್ಪು, ಉಳಿದದ್ದನ್ನು ಮೈಯೇ ನೋಡಿಕೊಳ್ಳಬೇಕು. ಇದೆಲ್ಲ ಗೊತ್ತಿದ್ದದ್ದೇ. ಹೆದರಿಕೆ ಆದದ್ದು ಡಾಕ್ಟರು ಮುಂದಿನ ಮಂಚಕ್ಕೆ ಹೋದ ಮೇಲೆ.

ಸವಿತಾಳ ಹೆಬ್ಬೆರಳಿನ ಉಗುರು ಕಣ್ಣೆದುರು ಬಂತು.

ನಾನು ಹೊರಡುವ ಹಿಂದಿನ ದಿನ ನಾವಿಬ್ಬರೂ ಕಾಡಿನ ಹಳ್ಳದ ದಂಡೆಯಲ್ಲಿರುವ ಅಪ್ಪೆಮಾವಿನ ಮರಕ್ಕೆ ಮಿಡಿ ಕೊಯ್ಯಲು ಹೋಗಿದ್ದೆವು. ಉಪ್ಪಿನಕಾಯಿಯ ಮಿಡಿ ನೆಲಕ್ಕೆ ಬೀಳಬಾರದು, ತೊಟ್ಟು ಮುರಿಯಬಾರದು. ನಾನು ಮರ ಹತ್ತಿ, ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಿದ್ದೆ. ಅವಳು ಕೆಳಗೆ ನಿಂತು ಬೈಯುತ್ತಿದ್ದಳು. "ಮೆಲ್ಲಗೆ ಇಳಿಸಾ ಮಾರಾಯ. ರೇಷನ್ ಮೂಟೆ ಅಂದ್ಕಂಡ್ಯನಾ?"

ಇಳಿದಾಗ ನನ್ನ ಕುತ್ತಿಗೆಯಲ್ಲಿ ಉಣುಗು ಕಚ್ಚಿಕೊಂಡಿತ್ತು. ಅವಳು ಕಿತ್ತು, ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಹೇನು ಕುಕ್ಕಿದ ಹಾಗೆ ಚಟ್ ಅನ್ನಿಸಿದಳು. "ನೋಡು, ನಿನ್ನ ಶತ್ರು ಒಂದು ಕಮ್ಮಿ ಆಯ್ತು" ಅಂತ ನಗುತ್ತ ಉಗುರನ್ನು ನನ್ನ ಅಂಗಿಗೇ ಒರೆಸಿದಳು. ಹಾಗೆ ಕುಕ್ಕಬೇಡಿ, ಅದರಿಂದಲೂ ರೋಗ ಹತ್ತಬಹುದು ಅಂತ ಆರೋಗ್ಯ ಇಲಾಖೆಯವರು ಪ್ರತಿ ಬೇಸಿಗೆಗೂ ಮನೆಮನೆಗೆ ಬಂದು ಹೇಳುತ್ತಾರೆ. ಎಲ್ಲರೂ ಹೂಂ ಅನ್ನುತ್ತಾರೆ, ಎಲ್ಲರೂ ಕುಕ್ಕುತ್ತಾರೆ. ಆ ದಿನ ನಮ್ಮಿಬ್ಬರ ತಲೆಯಲ್ಲಿ ಇದ್ದದ್ದು ಒಂದೇ: ನಾಳೆ ಹೋಗುವವನು ತಿರುಗಿ ಬರುತ್ತಾನೋ ಇಲ್ಲವೋ. ಅದನ್ನೂ ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ನಾವು ಕಾಡಿಗೆ ಹೋದದ್ದು ಯಾರಿಗೂ ಗೊತ್ತಿರಲಿಲ್ಲ. ಅವಳ ಅಪ್ಪ, ಹಿಟ್ಟಿನ ಗಿರಣಿಯ ಮಂಜಪ್ಪನವರು, ನನ್ನನ್ನು ಒಪ್ಪಿರಲಿಲ್ಲ. "ಮಿಲಿಟರಿಯವನಿಗೆ ಮಗಳ್ನ ಕೊಟ್ಟು, ಫೋನ್ ಬಂದಾಗೆಲ್ಲ ಎದೆ ಹಿಡ್ಕಂಡು ಕೂರಕ್ಕೆ ನನ್ನಿಂದ ಆಗಲ್ಲ" ಅಂದಿದ್ದರು. ನಾನೂ ಗಿರಣಿಯ ಬಾಗಿಲಲ್ಲೇ ನಿಂತು ಹೇಳಿ ಬಂದಿದ್ದೆ: "ಇನ್ನು ನಾನಾಗೇ ನಿಮ್ಮ ಹತ್ರ ಒಂದು ಮಾತು ಕೇಳಿದ್ರೆ ನೋಡಿ."

ಈಗ ಅವಳಿಗೂ ಜ್ವರ ಬಂದಿದ್ದರೆ? ಡಾಕ್ಟರು ಮೊದಲು ಕೇಳುವುದೇ ಕಾಡಿಗೆ ಹೋಗಿದ್ದೆಯಾ ಅಂತ. ನನ್ನ ಹೆಸರು ಹೊರಗೆ ಬರಬಾರದೆಂದು ಅವಳು ಇಲ್ಲ ಅನ್ನುತ್ತಾಳೆ.

ಖಂಡಿತ ಅನ್ನುತ್ತಾಳೆ.

ನಮ್ಮ ಮೊಬೈಲುಗಳೆಲ್ಲ ಯೂನಿಟ್ಟಿನಲ್ಲಿ ಜಮಾ ಆಗಿದ್ದವು. ಅವಳ ನಂಬರು ಅದರೊಳಗೆ. ನನಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು. ಕ್ಲೀನರಾಗಿದ್ದಾಗ ಗೋಧಿಮೂಟೆ ಇಳಿಸುತ್ತ ನೋಡಿ ನೋಡಿ ತಲೆಯಲ್ಲಿ ಕೂತದ್ದು, ಗಿರಣಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದು. ಬೆಳಗಿನಿಂದ ಮಧ್ಯಾಹ್ನದ ತನಕ ತಲೆಯ ಮೇಲಿನ ಮಾಡು ನೋಡುತ್ತ ಮಲಗಿದ್ದೆ. ಆಮೇಲೆ ಸಿಸ್ಟರನ್ನು ಕರೆದು, ಒಂದು ಫೋನ್ ಮಾಡಲು ಬಿಡಿ ಅಂದೆ. ಅವರು ಕೇಳಿಕೊಂಡು ಬಂದು ವಾರ್ಡಿನ ಫೋನು ಕೊಟ್ಟರು.

ಆಚೆ ಗಿರಣಿಯ ಸದ್ದು. "ಹಲೋ, ಯಾರು?"

"ನಾನು ಉಮೇಶ. ಮಂಜಪ್ಪಣ್ಣ, ಫೋನ್ ಇಡ್ಬೇಡಿ. ಸವಿತಾಗೆ ಜ್ವರ ಬಂದಿದ್ಯಾ?"

ಬೆಲ್ಟು ನಿಧಾನವಾಗುತ್ತ ಬಂದು ಗಿರಣಿ ನಿಂತದ್ದು ಕೇಳಿಸಿತು.

"ನಿಂಗೆ ಯಾರು ಹೇಳಿದ್ದು?"

"ನಂಗೂ ಬಂದಿದೆ. ಮಂಗನ ಕಾಯಿಲೆ ಇರ್ಬೋದು ಅಂತಿದಾರೆ. ನಾವಿಬ್ರೂ ಕಾಡಿಗೆ ಹೋಗಿದ್ವಿ. ಅವಳು ಉಣುಗು ಕುಕ್ಕಿದಾಳೆ."

"ಎಂತ ಹೇಳ್ತಿದೀಯ ನೀನು? ಹೋಗಿಲ್ಲ ಅಂದ್ಲಲ್ಲಾ! ಡಾಕ್ಟ್ರ ಎದುರಿಗೇ ಆಣೆ ಹಾಕಿದ್ಲು."

"ಸುಳ್ಳು ಹೇಳಿದಾಳೆ. ನನ್ನ ಆಮೇಲೆ ಬೈಯಿರಿ. ಮೊದ್ಲು ಅವಳ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕೈ ಮುಗೀತೀನಿ."

ಆ ಮಾತನ್ನು ನಾನು ಹಿಂದೆ ಯಾರಿಗೂ ಆಡಿದವನಲ್ಲ. ಲೈನು ಕಟ್ಟಾಯಿತು. ಅವರೇ ಇಟ್ಟರೋ, ತಾನಾಗಿ ಹೋಯಿತೋ ತಿಳಿಯಲಿಲ್ಲ. ಮತ್ತೆ ಮಾಡಿದರೆ ಹತ್ತಲಿಲ್ಲ.

ನನ್ನ ರಿಪೋರ್ಟು ಪಾಸಿಟಿವ್ ಬಂತು. ಜ್ವರ ಬಿಟ್ಟಿತು, ಬಿಟ್ಟಿತಲ್ಲ ಅನ್ನುವಷ್ಟರಲ್ಲಿ ತಲೆನೋವಿನ ಜೊತೆ ತಿರುಗಿ ಬಂತು. ಈ ಸಲ ಕೈ ನಡುಗತೊಡಗಿತು. ಚಹಾ ಲೋಟ ಎತ್ತಿದರೆ ಅರ್ಧ ಎದೆಯ ಮೇಲೆ. ಡಾಕ್ಟರು ದಿನಾ ಬೆರಳಿನಿಂದ ಮೂಗು ಮುಟ್ಟು ಅನ್ನುತ್ತಿದ್ದರು. ಒಮ್ಮೊಮ್ಮೆ ಬೆರಳು ಕೆನ್ನೆಗೆ ಹೋಗುತ್ತಿತ್ತು. ಹೊರಗೆ ಸೈರನ್ ಕೂಗಿದಾಗ ವಾರ್ಡಿನವರೆಲ್ಲ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಸಿಸ್ಟರ ಮೇಜಿನ ಮೇಲಿದ್ದ ಫೋನಿನ ಕಡೆ ನೋಡುತ್ತಿದ್ದೆ. ಅವಳು ಇದ್ದಾಳೋ ಇಲ್ಲವೋ ಅನ್ನುವುದೇ ಗೊತ್ತಿಲ್ಲದೆ ಔಷಧಿ ನುಂಗುವುದಿದೆಯಲ್ಲ, ಅದು ಜ್ವರಕ್ಕಿಂತ ಕಷ್ಟ.

ಒಂದು ಬೆಳಿಗ್ಗೆ ಸಿಸ್ಟರ್ ಫೋನು ಹಿಡಿದು ನನ್ನ ಹೆಸರು ಕೂಗಿದರು.

"ಪಾಸಿಟಿವ್ ಬಂತು," ಅಂದರು ಮಂಜಪ್ಪನವರು. "ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದ್ವಿ. ಮೂಗಲ್ಲೆಲ್ಲ ರಕ್ತ ಬಂದಿತ್ತು. ಇವತ್ತು ಗಂಜಿ ಕುಡಿದ್ಲು. ಅಲ್ಲಿ ನಿಂಗೆ ಊಟಕ್ಕೆ ಎಂತ ಕೊಡ್ತಾರೆ?"

"ಖಿಚಡಿ."

"ತಿನ್ನು. ಬಿಡ್ಬೇಡ."

ಗೋಡೆಯ ಕಡೆ ತಿರುಗಿ ಮಲಗಿದೆ. ಅಳು ಬಂತು ಅಂತ ಬರೆಯಲು ನನಗೆ ನಾಚಿಕೆಯಿಲ್ಲ.

ಗುಂಡಿನ ಸದ್ದು ನಿಂತಿತು. ಸಿಕ್ ಲೀವಿನ ಮೇಲೆ ಊರಿಗೆ ಬಂದಿದ್ದೇನೆ. ಎಡಗೈ ಈಗಲೂ ಸಣ್ಣಗೆ ನಡುಗುತ್ತದೆ. ಮತ್ತೆ ಸ್ಟೀರಿಂಗ್ ಕೊಡುತ್ತಾರೋ ಇಲ್ಲವೋ ಮೆಡಿಕಲ್ ಬೋರ್ಡು ಹೇಳಬೇಕು. ಎಲ್ಲ ಸರಿಹೋಯಿತು ಅನ್ನಲು ಇನ್ನೂ ಧೈರ್ಯವಿಲ್ಲ.

ನಿನ್ನೆ ಗಿರಣಿಗೆ ಹೋದೆ. ಸವಿತಾ ಸ್ಟೂಲಿನ ಮೇಲೆ ಕೂತಿದ್ದಳು. ಕೂದಲು ಉದುರಿ ಜಡೆ ಇಲಿಬಾಲದಷ್ಟಾಗಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ನನಗಿಂತ ಸಪೂರ ಆಗಿದೀಯಲ್ಲಾ. ನಿನ್ನ ನಂಬ್ಕಂಡು ದೇಶ ಇದೆ" ಅಂದಳು.

ಮಂಜಪ್ಪನವರು ಮೈಯ ಹಿಟ್ಟು ಕೊಡವುತ್ತ ಬಂದರು. "ಗುಂಡಿಗೆ ಹೆದ್ರಿ ನಿನ್ನ ಬೇಡ ಅಂದಿದ್ದೆ," ಅಂದರು. "ಇಲ್ಲಿ ನೋಡಿದ್ರೆ ನಮ್ಮ ಕಾಡಿನ ಉಣುಗೇ..." ಒಳಗೆ ಹೋಗಿ ಒಂದು ಬಾಟಲಿ ತಂದು ನನ್ನ ನಡುಗುವ ಕೈಗೇ ಇಟ್ಟರು. ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ.

"ಮುಂದಿನ ವರ್ಷ ಮಿಡಿ ಕೊಯ್ಯಕ್ಕೆ ಹೋಗೋದಾದ್ರೆ, ಇಬ್ರೂ ಹಚ್ಕಂಡು ಹೋಗಿ."

ಆಯ್ತು ಮಾವ ಅಂತ ನಾಲಿಗೆಯ ತುದಿಗೆ ಬಂತು. ಆಯ್ತು ಅಂತಷ್ಟೇ ಅಂದೆ.